ಕುಂಕುಮ ಹಚ್ಚಿಸಿಕೊಂಡು ಕುಳಿತ ರೋಬೋಗೆ ಕೆಲಸ ಕೊಡಿ

ನಮ್ಮ ಜಿಲ್ಲೆಯ ಯುದ್ಧವಿಮಾನ ದುರಸ್ತಿ ಘಟಕದ ಮಾನ್ಯ ಮುಖ್ಯಸ್ಥರೇ,

ನಿಮ್ಮ ರೋಬೋ ಎರಡು ವರ್ಷದಿಂದ ಸುಮ್ಮನೆ ಕುಳಿತಿದೆ, ಅದರ ಕೆಲಸವನ್ನು ನನ್ನ ಗಂಡ ಮುರುಗೇಶ್ ಮಾಡುತ್ತಿದ್ದಾರೆ. ನನ್ನ ದೂರು ಇಷ್ಟೇ. ಲೋಹದ ಪುಡಿಯನ್ನು ಉರಿಯಲ್ಲಿ ಕರಗಿಸಿ, ಸವೆದ ಎಂಜಿನ್ ಭಾಗಗಳ ಮೇಲೆ ಗನ್ನಿನಿಂದ ಎರಚಿ ಹೊಸ ಪದರ ಕೂರಿಸುವ ಕೆಲಸ ಅದು. ಆ ಗನ್ನಿನ ಅಬ್ಬರ ಕಿವಿಗೆ ಹಾಕುವ ಮುಚ್ಚಳವನ್ನೂ ದಾಟಿ ಒಳಗಿಳಿಯುತ್ತದೆ. ಅದಕ್ಕೆಂದೇ ಸರ್ಕಾರ ರೋಬೋ ಕೊಟ್ಟಿತು. ಅದನ್ನು ನಡೆಸುವ ತರಬೇತಿ ಮುಗಿಸಿ ಬಂದ ಮುರುಗೇಶ್, "ಇನ್ಮೇಲೆ ಗಾಜಿನಾಚೆ ಕುಂತ್ಕಂಡು ನಡೆಸಾದು ಕಣೇ, ಒಳಗೆ ಹೋಗಂಗೇ ಇಲ್ಲ" ಎಂದು ಕುಣಿದಾಡಿದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ, ನೋಡಿ. ಉದ್ಘಾಟನೆಗೆ ದೊಡ್ಡವರೊಬ್ಬರ ಬಿಡುವು ಸಿಗಬೇಕಂತೆ, ಅಲ್ಲಿಯವರೆಗೆ ಗುಂಡಿ ಒತ್ತಬಾರದಂತೆ!

ಪೂಜೆಗೇನೂ ಕಡಿಮೆಯಿಲ್ಲ. ಎರಡು ಆಯುಧಪೂಜೆಯಲ್ಲೂ ಅದಕ್ಕೆ ಕುಂಕುಮ, ಚೆಂಡುಹೂ, ಬೂದುಗುಂಬಳ ಎಲ್ಲ ಆಗಿದೆ. ತೆಂಗಿನಕಾಯಿ ಹಿರಿಯೂರಿನ ನಮ್ಮ ಅಂಗಡಿಯದ್ದೇ, ಆದ್ದರಿಂದ ಬಲ್ಲೆ. ಒಂದು ದಿನವೂ ದುಡಿಯದೆ ದೃಷ್ಟಿ ತೆಗೆಸಿಕೊಳ್ಳುವ ಯೋಗ ನಿಮ್ಮ ರೋಬೋದ್ದು. ಅದಕ್ಕೆ ಯಾರ ಕಣ್ಣು ಬಿದ್ದೀತು ಸ್ವಾಮಿ, ನನ್ನದೊಂದು ಬಿಟ್ಟು?

ದೇಶದ ಗುಟ್ಟು ಕಾಯುವವರು ನೀವು. ನಮ್ಮ ಮನೆಯ ಗುಟ್ಟು ಮಾತ್ರ ಬೀದಿಗೆಲ್ಲ ಗೊತ್ತು, ಏಕೆಂದರೆ ಗಂಡನಿಗೆ ಏನು ಹೇಳುವುದಿದ್ದರೂ ನಾನು ಕೂಗಿಯೇ ಹೇಳಬೇಕು. ಮೊನ್ನೆ ಸಂತೆಚೀಲ ಹೊತ್ತು ಬಂದು ಬಾಗಿಲು ಬಡಿದೆ, ಬಡಿದೆ, ತೆಗೆಯುವವರಿಲ್ಲ. ಪಕ್ಕದ ಮನೆಯ ಕೊಟ್ರಮ್ಮ ಇಣುಕಿ, "ಏನವ್ವಾ ಉಷಾ, ಜಗಳ ಮಾಡ್ಕಂಡು ಹೊರಗೆ ಹಾಕಿದ್ನೇನು?" ಎಂದರು.

"ಜಗಳ ಎಲ್ಲಿಂದ ಬರ್ಬೇಕು ಕೊಟ್ರಕ್ಕ, ಬೈದ್ರೆ ಕೇಳ್ಸಬೇಕಲ್ಲ!"

ಅವರು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮೂರು ವರ್ಷದ ನಮ್ಮ ಬಿಂದು ಅಪ್ಪನ ಅಂಗಿ ಹಿಡಿದು ಎಳೆದುಕೊಂಡು ಬಂದಿದ್ದಳು.

"ಅಪ್ಪಾ ಅಂತ ಕರೀಬಾರ್ದೇನೇ?" ಎಂದೆ.

"ಕರೆದ್ರೆ ಬರಲ್ಲ" ಎಂದಳು.

ಮಾನ್ಯರೇ, ಆಮೇಲೆ ನನಗೆ ನಗು ಬರಲಿಲ್ಲ.

ದೊಡ್ಡವರು ಬರುವಾಗ ಬರಲಿ, ರಿಬ್ಬನ್ನು ಆಗಲೇ ಕತ್ತರಿಸಲಿ, ರೋಬೋ ಏನೂ ಮುನಿಸಿಕೊಳ್ಳುವುದಿಲ್ಲ. ನೀವು ಈ ವಾರವೇ ಗುಂಡಿ ಒತ್ತಿ, ಕಾಯಿ ನಾನೇ ತರುತ್ತೇನೆ. ಮುರುಗೇಶರ ಕಿವಿ ಇನ್ನೆಷ್ಟು ಉಳಿದಿದೆಯೋ ಅಷ್ಟು ನನ್ನ ಬೈಗುಳಕ್ಕೇನೂ ಬೇಡ. ಮಗಳು ಕರೆದರೆ ತಿರುಗಿ ನೋಡುವಷ್ಟು ಉಳಿಯಲಿ.

ಇಂತಿ,
ಪಿಸುಮಾತು ಮರೆತೇಹೋಗಿರುವ
ಉಷಾ, ಹಿರಿಯೂರು