ಆಯಾಳ ಸಂಬಳಕ್ಕೆ ನಿಮ್ಮ ಉಪಾಯ

ಭಾನುವಾರ, ಮಧ್ಯಾಹ್ನ

ಬಹಳ ಜಾಣರಾದ ನಿಮಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ನಿಮ್ಮ ಕಾಗದ ಓದಿ ಮೈಯೆಲ್ಲ ಉರಿಯುತ್ತಿದೆ.

ನಾನು ಕೇಳಿದ್ದು ಇಷ್ಟೇ. ಆಯಾ ಬಂದದ್ದು ಪುಟ್ಟನೊಬ್ಬನನ್ನು ನೋಡಿಕೊಳ್ಳಲು. ಈಗ ಅವನ ಅಕ್ಕನಿಗೂ ಮಧ್ಯಾಹ್ನಕ್ಕೇ ಶಾಲೆ ಮುಗಿಯುತ್ತದೆ. ಅವಳ ಊಟ, ಪಾಠ, ಸ್ನಾನವೂ ಆಯಾಳ ತಲೆಗೇ ಬಂದಿದೆ. ಎರಡು ಮಕ್ಕಳು ಅಂದ್ರೆ ಎರಡರಷ್ಟು ಕೆಲಸ ಅಲ್ಲಮ್ಮ, ಜಗಳ ಬಿಡಿಸೋದೂ ಸೇರಿದ್ರೆ ಮೂರರಷ್ಟು ಎಂದಳು. ಸಂಬಳ ಹೆಚ್ಚಿಸದಿದ್ದರೆ ಮುಂದಿನ ತಿಂಗಳು ಬರುವುದಿಲ್ಲವಂತೆ. ಅವಳ ಮಾತಿನಲ್ಲಿ ತಪ್ಪೇನಿದೆ? ಸಂಬಳದಲ್ಲಿ ಅರ್ಧ ನೀವು ಕೊಡಿ ಎಂದು ಬರೆದೆ.

ಅದಕ್ಕೆ ನಿಮ್ಮ ಉತ್ತರ ನೋಡಿ! ದೊಡ್ಡವಳನ್ನು ನಿಮ್ಮ ತಂಗಿಯ ಮನೆಯಲ್ಲಿ ಬಿಡುತ್ತೀರಂತೆ, ಆಗ ಒಂದೇ ಮಗುವಿನ ಸಂಬಳ ಸಾಕಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ. ಅವಳನ್ನು ಹೆತ್ತವಳು ನೀನಲ್ಲವಲ್ಲ, ನಿನಗ್ಯಾಕೆ ಆ ಭಾರ ಎಂದು ಬೇರೆ ಬರೆದಿದ್ದೀರಿ.

ಹೌದು, ಹೆತ್ತಿಲ್ಲ. ನಿಮ್ಮ ಮೊದಲ ಹೆಂಡತಿ ತೀರಿಹೋಗಿ ನಮ್ಮ ಮದುವೆಯಾದಾಗ ಅವಳಿಗೆ ನಡೆಯಲೂ ಬರುತ್ತಿರಲಿಲ್ಲ. ಅಂದು ನನ್ನ ಕಂಕುಳೇರಿದವಳು ಇಳಿಯಲೇ ಇಲ್ಲ. ನೀವು ಬೇರೆ ಮನೆ ಮಾಡಿಕೊಂಡು ಹೊರಟಾಗ ರೇಡಿಯೋ, ಇಸ್ತ್ರಿಪೆಟ್ಟಿಗೆ, ಗೋಡೆಯ ಗಡಿಯಾರ ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಂಡಿರಿ. ಮಗಳ ನೆನಪಾಗಲಿಲ್ಲ. ಈಗ ಆಯಿತೇ, ಆಯಾಳ ಸಂಬಳ ಉಳಿಸಲು?

ಅಕ್ಕ ತುತ್ತು ಕೊಡದಿದ್ದರೆ ಪುಟ್ಟ ಬಾಯಿ ತೆರೆಯುವುದಿಲ್ಲ. ಚಪ್ಪಲಿ ಎಡ ಯಾವುದು ಬಲ ಯಾವುದು ಎಂದು ಅವಳೇ ಹೇಳಬೇಕು; ನಾನು ಹೇಳಿದರೆ ಅವನಿಗೆ ನಂಬಿಕೆಯಿಲ್ಲ. ಅವರನ್ನು ಬೇರೆ ಮಾಡಿ ಉಳಿಸಿದ ದುಡ್ಡಿನಲ್ಲಿ ಏನು ಕಟ್ಟಿಸುತ್ತೀರಿ, ಅರಮನೆಯೇ?

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸಡಿಲವಾದ ಸ್ಕ್ರೂ ಬಿಗಿಯುವವಳು ನಾನು, ನಿಮಗೆ ಹೆದರುವವಳಲ್ಲ. ತಿಂಗಳ ಕೊನೆಯೊಳಗೆ ನಿಮ್ಮ ಪಾಲು ಬರದಿದ್ದರೆ ಇಬ್ಬರನ್ನೂ ಕರೆದುಕೊಂಡು ನಿಮ್ಮ ಆಫೀಸಿಗೇ ಬರುತ್ತೇನೆ. ನಾಲ್ಕು ಜನರ ಎದುರು ಅದೇ ಮಾತು ಹೇಳುವಿರಂತೆ.

ಇನ್ನೂ ಸಿಟ್ಟಿಳಿಯದ,
ಪುಟ್ಟನ ಮತ್ತು ಅವನ ಅಕ್ಕನ ಅಮ್ಮ

ತಾ.ಕ.: ದುಡ್ಡು ಕಳಿಸಬೇಡಿ. ಪೂರ್ತಿ ಸಂಬಳ ನಾನೇ ಕೊಡುತ್ತೇನೆಂದು ಆಯಾಳಿಗೆ ಹೇಳಿಯಾಗಿದೆ. ಇನ್ನು ಮೇಲೆ ರಜೆಯ ದಿನವೂ ಅಂಗಡಿಗೆ ಹೋಗುತ್ತೇನೆ. ಕಾನೂನು ನಿಮ್ಮ ಕಡೆಗೇ ಇದೆ ಎಂಬುದು ನನಗೆ ಗೊತ್ತು. ಮೊನ್ನೆ ಆಯಾ, ಇಬ್ಬರಲ್ಲಿ ನಿಮ್ಮ ಹಾಗೆ ಯಾರಮ್ಮ ಎಂದು ನನ್ನನ್ನು ಕೇಳಿದಳು. ದೊಡ್ಡವಳು ಎಂದೆ. ಅದನ್ನು ಕೇಳಿಸಿಕೊಂಡವಳು ಸಂಜೆಯವರೆಗೂ ಕನ್ನಡಿಯ ಮುಂದೆ ನಿಂತಿದ್ದಳು. ನಿಮ್ಮ ಕಾಲಿಗೆ ಬೀಳುತ್ತೇನೆ, ಅವಳನ್ನು ಕರೆದುಕೊಂಡು ಹೋಗಬೇಡಿ.