ಬಿಳಿ ಕಾಗದದ ಹಳದಿ

ಮನೆಯಿಂದ,
೯ನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆಯ ತುಂಬು ಮನಸ್ಸಿನ ಹಾರೈಕೆಗಳು. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹೊಸ ಲ್ಯಾಬಿನಲ್ಲಿ ಇಡೀ ದಿನ ನಿಂತೇ ಇರಬೇಡ, ನಾಚಿಕೆಪಡದೆ ಒಂದು ಸ್ಟೂಲು ಕೇಳಿ ತೆಗೆದುಕೊ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಹೋದ ಈ ಎರಡು ತಿಂಗಳಲ್ಲಿ ನಿನ್ನ ಗಂಡ ಫೋನನ್ನು ನನ್ನ ಕೈಗೆ ಕೊಟ್ಟಾಗಲೆಲ್ಲ ನಾನು ‘ಊಟ ಆಯ್ತಾ’ ಎನ್ನುತ್ತೇನೆ, ನೀನು ‘ಆಯ್ತು ಅತ್ತೆ’ ಎನ್ನುತ್ತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ಹಾಗಾಗಿ ಪೆನ್ನು ಹಿಡಿದೆ. ಸಾಲುಗಳು ಮೇಲೆ ಕೆಳಗೆ ಓಡಿದ್ದರೆ ನಗಬೇಡ, ಕಾರಣ ಮುಂದೆ ಬರುತ್ತದೆ.

ಮೊದಲು ನಿನ್ನ ಮೀನುಗಳ ವಿಷಯ. ಐದರಲ್ಲಿ ನಾಲ್ಕು ಉಳಿದಿವೆ. ಬಾಲಕ್ಕೆ ಕರಿ ಅಂಚಿದ್ದ ಚಿಕ್ಕದು ಹೋಯಿತು. ಬೈಯುವುದಾದರೆ ಬೈ, ಆದರೆ ಪೂರ್ತಿ ಓದಿಯಾದ ಮೇಲೆ. ಊರಿಗೆಲ್ಲ ಕುಡಿಯುವ ನೀರು ಪರೀಕ್ಷೆ ಮಾಡುವವಳು ನೀನು, ಈ ತೊಟ್ಟಿಯನ್ನು ನನ್ನಂಥವಳ ಕೈಗೆ ಒಪ್ಪಿಸಿ ಹೋದೆ. ಹೋಗುವ ಮೊದಲು ಕಲಿಸಿದ್ದೆಯಲ್ಲ, ‘ಹಿಂದೆ ಬಿಳಿ ಕಾಗದ ಇಟ್ಟು ಈ ಕಡೆಯಿಂದ ನೋಡಿ ಅತ್ತೆ. ಹಸಿರಾದ್ರೆ ಬಿಸಿಲು ಜಾಸ್ತಿ ಬಿದ್ದಿದೆ, ಹಾಲಿನ ಥರ ಮಬ್ಬಾದ್ರೆ ಏನೋ ಕೆಟ್ಟಿದೆ, ಹಳದಿಯಾದ್ರೆ ನೀರು ಹಳೇದಾಗಿದೆ, ಸ್ವಲ್ಪ ಬದಲಾಯಿಸಿ’ ಎಂದು. ಅದನ್ನು ನಾನು ಪಾಠದ ಹಾಗೆ ಬಾಯಿಪಾಠ ಮಾಡಿದ್ದೆ. ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ನೀನು ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲೇ ಕೂತು ನೋಡುತ್ತಿದ್ದೆ. ನಿಜ ಹೇಳಲೇ? ಮೀನಿಗಿಂತ ಆ ಕುರ್ಚಿಗೋಸ್ಕರವೇ ಕೂರುತ್ತಿದ್ದೆ. ನಿನ್ನ ಗಂಡನೋ, ಮಾತಾಡಿದರೆ ಮುತ್ತು ಉದುರಿಹೋದೀತು ಎನ್ನುವವನು. ಬಚ್ಚಲಿನಲ್ಲಿ ನೀನು ಅಪಸ್ವರದಲ್ಲಿ ಹಾಡುತ್ತಿದ್ದುದೂ ಇಲ್ಲದೆ ಮನೆ ಬಿಕೋ ಎನ್ನುತ್ತದೆ.

ಮೊದಲ ದಿನವೇ ಕಾಗದ ಹಳದಿಯಾಗಿ ಕಂಡಿತು. ಒಂದು ಬಕೆಟ್ ನೀರು ಬದಲಾಯಿಸಿದೆ. ಮರುದಿನವೂ ಹಳದಿ. ಎರಡು ಬಕೆಟ್ ಬದಲಾಯಿಸಿದೆ. ಆಮೇಲೆ ಹಟ ಬಂತು ನೋಡು, ಕಲ್ಲು ಉಜ್ಜಿದೆ, ಗಾಜು ಉಜ್ಜಿದೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೂವಿನಂತೆ ಮಾಡಿದೆ. ಆದರೂ ಹಳದಿ! ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಒಂದು ಬೆಳಿಗ್ಗೆ ಚಿಕ್ಕದು ಮಗ್ಗುಲಾಗಿ ತೇಲುತ್ತಿತ್ತು. ಅದನ್ನು ಅಂಗೈಯಲ್ಲಿ ಎತ್ತಿಕೊಂಡೆ. ನೀನು ನಂಬಿ ಕೊಟ್ಟುಹೋದದ್ದನ್ನು ಕಾಪಾಡಲು ನನ್ನಿಂದ ಆಗಲಿಲ್ಲವಲ್ಲ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರದ ಸಾಕುಮೀನಿನ ಅಂಗಡಿಯವನನ್ನು ಕರೆತಂದೆ. ಅದೇ, ದಪ್ಪ ಮೀಸೆಯವನು. ಬಗ್ಗಿ ನೋಡಿ, ‘ಅಮ್ಮಾ, ನೀರು ಕನ್ನಡಿ ಇದ್ದಂಗಿದೆ, ಇದಕ್ಕೆ ಯಾಕೆ ಕರೆದ್ರಿ?’ ಎಂದ. ಹಳದಿ ಕಾಣುವುದಿಲ್ಲವೇನಪ್ಪಾ ಎಂದೆ. ಅವನು ತೊಟ್ಟಿಯ ಹಿಂದಿನ ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ‘ಈಗ ಹೇಳಿ, ಯಾವ ಬಣ್ಣ?’ ನಡುವೆ ನೀರೂ ಇಲ್ಲ, ಗಾಜೂ ಇಲ್ಲ. ಹಳದಿ ಎಂದೆ. ಅವನು ಕಾಗದವನ್ನು ಕೆಳಗಿಟ್ಟು, ‘ನಮ್ಮವ್ವನಿಗೂ ಹಿಂಗೇ ಆಗಿತ್ತು. ಕಣ್ಣು ತೋರಿಸ್ಕೊಳ್ಳಿ ಅಮ್ಮಾ’ ಎಂದ. ಆಮೇಲೆ ಗಾಜಿನ ಕೊಳವೆಯೊಂದರಲ್ಲಿ ತೊಟ್ಟಿಯ ನೀರು ತೆಗೆದು ಯಾವುದೋ ಔಷಧಿ ಹನಿಸಿದ. ನೋಡನೋಡುತ್ತ ಅದು ಕಡು ಹಸಿರಾಯಿತು. ‘ತಿಳಿಯಾಗಿದೆ ಅಂತ ನಂಬಬೇಡಿ, ಇದರಲ್ಲಿ ವಿಷ ಸೇರಿದೆ. ಸ್ಪಂಜನ್ನ ನಲ್ಲಿ ನೀರಲ್ಲಿ ತೊಳೆದೆ ಅಂದ್ರಲ್ಲ, ಅದರ ಕ್ಲೋರಿನ್‌ಗೆ ಕೊಳೆ ತಿನ್ನೋ ಒಳ್ಳೆ ಜೀವಾಣುಗಳೆಲ್ಲ ಸತ್ತೋದ್ವು’ ಎಂದ. ತನ್ನ ಅಂಗಡಿಯಿಂದ ಅಂಥ ಜೀವಾಣುಗಳಿರುವ ಹಳೆಯ ಸ್ಪಂಜು ತಂದು ಹಾಕಿ, ಒಂದಷ್ಟು ದಿನ ಮೇವು ಕಡಿಮೆ ಮಾಡಿಸಿ, ತಾನೇ ಬಂದು ಬಂದು ನೀರು ನೋಡಿದ. ಈಗ ನಾಲ್ಕೂ ಚುರುಕಾಗಿವೆ. ನೀನು ಗುಂಡಣ್ಣ ಎಂದು ಕರೆಯುತ್ತಿದ್ದ ಆ ದಪ್ಪ ಮೀನಂತೂ ನನ್ನ ಸೆರಗು ಕಂಡರೆ ಸಾಕು, ಓಡಿ ಬರುತ್ತಾನೆ.

ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಎಂದರು. ಇದು ಒಂದು ದಿನದ್ದಲ್ಲ, ವರ್ಷಗಳಿಂದ ಬೆಳೆದದ್ದು, ಬಿಳಿಯೆಲ್ಲ ಹಳದಿಯಾಗಿಯೇ ಕಂಡಿರುತ್ತದೆ ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ನೆನಪಾದದ್ದು ಮಂಚದ ಹೊದಿಕೆಗಳು. ನೀನು ಹೊರಡುವ ಹಿಂದಿನ ದಿನ ಒಗೆದು ಮಡಿಸಿಟ್ಟಿದ್ದೆಯಲ್ಲ, ಆ ಎರಡು ಬಿಳಿಯವು. ಬಣ್ಣದ ಬಟ್ಟೆಯ ಜೊತೆ ನೆನೆಹಾಕಿ ಹಾಳುಮಾಡಿದೆ ಎಂದು ಎಷ್ಟು ಕೂಗಾಡಿದೆ ನಾನು! ‘ಬೆಳ್ಳಗೇ ಇದೆ ನೋಡಿ ಅತ್ತೆ’ ಎಂದೆ ನೀನು. ‘ನನಗೇನು ಕಣ್ಣು ಕಾಣಲ್ವಾ?’ ಎಂದೆ ನಾನು. ನೀನು ಅವನ್ನು ಮತ್ತೆ ಮಡಿಸಿ ಬೀರುವಿನಲ್ಲಿಟ್ಟೆ. ಬೆಳಿಗ್ಗೆ ನಾನು ಏಳುವ ಮೊದಲೇ ನೀನು ಹೊರಟುಹೋಗಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಗಾದೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ. ಮನೆಗೆ ಬಂದವಳು ಆ ಹೊದಿಕೆಗಳನ್ನು ತೆಗೆದು ಪಕ್ಕದ ಮನೆಯ ಟೀಚರಿಗೆ ತೋರಿಸಿದೆ. ಹಾಲಿನ ಹಾಗಿವೆ ಎಂದರು. ತಪ್ಪಾಯಿತಮ್ಮಾ. ಇದನ್ನು ಹೇಳಲೆಂದೇ ಫೋನು ಬಿಟ್ಟು ಪೆನ್ನು ಹಿಡಿದದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೋಣೆಯಲ್ಲಿರುವ ನರ್ಸಮ್ಮನಿಗೆ ನನ್ನ ನೆನಪು ತಿಳಿಸು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಟೀಚರು ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೊದಲ ಕಣ್ಣಿನ ಆಪರೇಶನ್ ೨೨ನೇ ತಾರೀಖು, ಬುಧವಾರ ಬೆಳಿಗ್ಗೆ. ನಿನ್ನ ಗಂಡ ಬರುತ್ತೇನೆ ಎನ್ನುತ್ತಾನೆ, ಆದರೆ ಸೂಜಿ ಕಂಡರೆ ಮೊದಲು ಬೀಳುವವನು ಅವನೇ. ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರು ಎಂದು ಕೇಳಿದರು, ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹೆಸರು ಕೊಟ್ಟೆ. ಬರೆದುಕೊಳ್ಳುತ್ತಿದ್ದ ಹುಡುಗಿ, ‘ಮಗಳಾ ಅಮ್ಮಾ?’ ಎಂದಳು. ನಾನು ತಿದ್ದಲಿಲ್ಲ. ಎರಡು ದಿನ ರಜೆ ಸಿಗುತ್ತದಾ ನೋಡು.