ಶತ್ರುವಿನ ಜೊತೆ ನಾವೂ ನಂಬಿದೆವು

ಮಾನ್ಯ ರಾಜತಾಂತ್ರಿಕ ಸಲಹೆಗಾರರೇ,

ಕಳೆದ ವಾರ ಟಿ.ವಿ.ಯಲ್ಲಿ ನಿಮ್ಮ ಸಂದರ್ಶನ ನೋಡಿದೆ. ಯುದ್ಧಕ್ಕೆ ಹೋಗುವ ತೀರ್ಮಾನ ಮೊದಲೇ ಆಗಿತ್ತು ಎಂದಿರಿ. ಆದರೂ ಮಾತುಕತೆ ನಡೆದಿದೆ ಎಂದು ಕೊನೆಯವರೆಗೂ ಹೇಳುತ್ತಿರಬೇಕು, ಗಡಿಯ ಊರುಗಳ ಮಾರುಕಟ್ಟೆ ತೆರೆದೇ ಇರಬೇಕು, ಇಲ್ಲವಾದರೆ ಶತ್ರುವಿಗೆ ಸುಳಿವು ಸಿಗುತ್ತದೆ ಎಂದು ಸರ್ಕಾರಕ್ಕೆ ಸಲಹೆ ಕೊಟ್ಟವರು ನೀವೇ ಅಂತೆ. ಶತ್ರು ನಂಬಿದ ಎಂದು ನಕ್ಕಿರಿ. ಸಂದರ್ಶಕರೂ ನಕ್ಕರು. ಶತ್ರುವಿನ ವಿಷಯ ನನಗೆ ಗೊತ್ತಿಲ್ಲ. ನನ್ನ ಗಂಡ ನಂಬಿದ್ದು ಗೊತ್ತು. ನನ್ನ ದೂರು ಇಷ್ಟೇ.

ನನ್ನ ಗಂಡ ತಾಹೇರ ಲಾರಿ ಡ್ರೈವರ್. ಕುಷ್ಟಗಿಯ ತೋಟಗಳ ದಾಳಿಂಬೆಯನ್ನು ಉತ್ತರದ ಊರುಗಳಿಗೆ ಒಯ್ಯುತ್ತಿದ್ದರು. ಆ ಸಲದ ಲೋಡು ಗಡಿಯ ಒಂದು ಪಟ್ಟಣಕ್ಕಿತ್ತು. ಹೋಗಬೇಕೋ ಬೇಡವೋ ಎಂಬ ಅನುಮಾನ ಅವರಿಗೇ ಇತ್ತು. ಗ್ಯಾರೇಜಿನಲ್ಲಿ ಡ್ರೈವರುಗಳೆಲ್ಲ ಯುದ್ಧದ ಮಾತೇ ಆಡುತ್ತಿದ್ದರಂತೆ. ಸಂಜೆ ಊಟಕ್ಕೆ ಕೂತಾಗ ಸುದ್ದಿಯಲ್ಲಿ ನೀವು ಬಂದಿರಿ. ಮಾತುಕತೆ ಆಶಾದಾಯಕವಾಗಿದೆ, ಜನ ಎಂದಿನಂತೆ ತಮ್ಮ ಕೆಲಸ ಮಾಡಿಕೊಂಡಿರಲಿ ಎಂದಿರಿ. ಇಷ್ಟು ದೊಡ್ಡವರು ಸುಳ್ಳು ಹೇಳುತ್ತಾರೆಯೇ ಎಂದು ತಾಹೇರ ಎದ್ದು ಕೈ ತೊಳೆದರು. ಬೆಳಿಗ್ಗೆ ಹೊರಟರು.

ಅವರ ಜೊತೆ ಸರದಿಯಲ್ಲಿ ಲಾರಿ ಓಡಿಸುತ್ತಿದ್ದ ಹೇಮಪ್ಪ ಬದುಕಿ ಬಂದಿದ್ದಾರೆ. ನಡೆದದ್ದನ್ನು ಹೇಳಿದವರು ಅವರೇ. ನಾಲ್ಕನೆಯ ದಿನ ಬೆಳಿಗ್ಗೆ ಹಣ್ಣು ಇಳಿಸಲು ಆ ಪಟ್ಟಣದ ಮಂಡಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ಹೇಮಪ್ಪ ಚಹಾ ತರಲು ಹೋದರು. ಹಣ್ಣಿಗೆ ಗಾಳಿಯಾಡಲೆಂದು ತಾಡಪತ್ರಿ ಬಿಚ್ಚಲು ತಾಹೇರ ಲಾರಿಯ ಮೇಲೆ ಹತ್ತಿದರು. ಆಗ ಗಡಿಯಾಚೆಯಿಂದ ಶೆಲ್ ಬಂದು ಬಿತ್ತು. ನಸುಕಿನಲ್ಲೇ ನಮ್ಮ ವಿಮಾನಗಳು ಗಡಿ ದಾಟಿದ್ದವು, ಇದು ಅದಕ್ಕೆ ಬಂದ ಉತ್ತರ. ಆದರೆ ಮಂಡಿಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ.

"ಮಂಡಿ ಖಾಲಿ ಮಾಡ್ರಿ ಅಂತ ಒಬ್ಬರು ಹೇಳಿದ್ರ ಸಾಕಿತ್ತು ಭಾಬಿ. ಪೊಲೀಸರೂ ಅಲ್ಲೇ ಚಾ ಕುಡಕೋತ ನಿಂತಿದ್ರು," ಎಂದರು ಹೇಮಪ್ಪ.

ಪೊಲೀಸರಿಗೂ ನೀವು ಹೇಳಿರಲಿಲ್ಲ, ಅಲ್ಲವೇ? ಗೋಪ್ಯ ಕಾಪಾಡುವುದೆಂದರೆ ಹೀಗಿರಬೇಕು.

ದೇಹ ಊರಿಗೆ ಬಂದ ದಿನ ಗೆದ್ದ ಸುದ್ದಿಯೂ ಬಂದಿತ್ತು. ಬಸ್ ನಿಲ್ದಾಣದ ಹತ್ತಿರ ಪಟಾಕಿ ಹೊಡೆಯುತ್ತಿದ್ದವರು ನಮ್ಮನ್ನು ಕಂಡು ನಿಲ್ಲಿಸಿದರು. ಅಷ್ಟು ಮರ್ಯಾದೆ ನಮ್ಮೂರಿನಲ್ಲಿದೆ. ತಾಹೇರ ಯೋಧರಲ್ಲ, ಆದ್ದರಿಂದ ಹುತಾತ್ಮರಲ್ಲ ಎಂದರು ತಹಶೀಲ್ದಾರ್ ಕಚೇರಿಯವರು. ಸರಿ ಎಂದೆ. ಈಗ ಎಲ್ಲದಕ್ಕೂ ಸರಿ ಎನ್ನುವುದು ರೂಢಿಯಾಗಿದೆ. ಶಾಲೆಗೆ ಹೋಗಿ ಸಂಧಿ, ಸಮಾಸ ಕಲಿಸುತ್ತೇನೆ. ಮನೆಗೆ ಬಂದು ರೊಟ್ಟಿ ಬಡಿಯುತ್ತೇನೆ, ತಿನ್ನುತ್ತೇನೆ, ರುಚಿ ತಿಳಿಯುವುದಿಲ್ಲ. ಪಕ್ಕದ ಮನೆಯ ಮಾರೆವ್ವ ದಿನಾ ಬಂದು ಕೂರುತ್ತಾರೆ.

"ಒಂದ್ಸಲ ಅತ್ತುಬಿಡ್ರಿ ಅಕ್ಕೋರ," ಎಂದರು ಒಮ್ಮೆ.

ಅಳು ಬರಲಿಲ್ಲ. ನಿಮ್ಮ ನಗು ನೋಡಿದಾಗ ಸಿಟ್ಟೂ ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಗೊತ್ತಾಯಿತು. ಅದಕ್ಕೇ ಈ ಪತ್ರ.

ಯುದ್ಧ ಬೇಕಿತ್ತೋ ಬೇಡವಾಗಿತ್ತೋ ಎಂದು ವಾದಿಸುವಷ್ಟು ನಾನು ಬಲ್ಲವಳಲ್ಲ ಎಂದೇ ಇಟ್ಟುಕೊಳ್ಳಿ. ಶತ್ರುವಿಗೆ ಹೇಳುವ ಸುಳ್ಳನ್ನು ನಮ್ಮ ಕಿವಿಗೆ ಬೀಳದಂತೆ ಹೇಳುವ ವಿದ್ಯೆ ನಿಮಗೆ ತಿಳಿದಿರಲಿಲ್ಲವೇ? ಅಥವಾ ನಮ್ಮವರು ನಂಬಿದರೆ ಮಾತ್ರ ಶತ್ರು ನಂಬುತ್ತಾನೆ ಎಂಬುದು ನಿಮ್ಮ ತರ್ಕವೇ? ಹಾಗಿದ್ದರೆ ತಾಹೇರ ಆ ಬೆಳಿಗ್ಗೆ ನಿಮ್ಮ ಸುಳ್ಳಿನ ಕಾವಲಿಗೆ ನಿಂತಿದ್ದರು. ಅಂಥ ಕೆಲಸ ಒಪ್ಪಿಸಿದವರು ಅವರಿಗೊಂದು ಮಾತು ತಿಳಿಸಬೇಕಿತ್ತು.

ನನಗೆ ಬೇಕಾದದ್ದು ಒಂದು ಉತ್ತರ. ಅದೇ ಟಿ.ವಿ.ಯಲ್ಲಿ, ಎಲ್ಲರೆದುರು ಹೇಳಿ. ತೀರ್ಮಾನವಾದ ಆ ಕೋಣೆಯಲ್ಲಿ, ಅಲ್ಲಿ ನಮ್ಮ ಜನ ಇರುತ್ತಾರಲ್ಲ ಎಂದು ಯಾರಾದರೂ ಕೇಳಿದರೇ? ಕೇಳಿದ್ದರೆ ನೀವೇನು ಹೇಳಿದಿರಿ?

ಹೇಮಪ್ಪ ಮುಂದಿನ ವಾರ ಮತ್ತೆ ಅತ್ತ ಕಡೆ ಲೋಡು ಒಯ್ಯುತ್ತಾರೆ. ಮತ್ತೆ ಮಾತುಕತೆ ನಡೆದಿದೆಯಂತೆ. ನಂಬಬಹುದೇ ಎಂದು ನನ್ನನ್ನು ಕೇಳಿದರು. ಏನು ಹೇಳಲಿ? ಅವರು ಹೊರಡುವ ಮೊದಲು ತಿಳಿಸಿ.

ಇಂತಿ,
ನಿಮ್ಮ ಮಾತು ನಂಬಿದವರ ಹೆಂಡತಿ,
ಮುಬಾಶಿರಾ
ಕನ್ನಡ ಶಿಕ್ಷಕಿ, ಕುಷ್ಟಗಿ